ಎತ್ತಿದ ತೋಳಿನ ಅಳತೆ

ನಮ್ಮ ಊರಿನ ಮನೆಗಳಲ್ಲಿ ಅಟ್ಟವಿಲ್ಲ. ತಲೆಗಿಂತ ಎತ್ತರದಲ್ಲಿ ಗೂಡಿಲ್ಲ, ಮೊಳೆಯಿಲ್ಲ. ಒಂಟಿಯಾಗಿರುವವರ ಮನೆಯಲ್ಲಂತೂ ದೇವರ ಪಟವನ್ನೂ ಎದೆಯ ಮಟ್ಟಕ್ಕೇ ಹಾಕಿರುತ್ತಾರೆ. ಇಲ್ಲಿ ತಲೆಯ ಮೇಲಕ್ಕೆ ಎತ್ತಿದ ಕೈ ತಾನಾಗಿ ಇಳಿಯುವುದಿಲ್ಲ. ಇನ್ನೊಬ್ಬರು ಬಂದು ತಮ್ಮ ಎರಡೂ ಕೈಗಳಿಂದ ಮಣಿಕಟ್ಟನ್ನು ಹಿಡಿದು ಇಳಿಸಬೇಕು. ಹಿಡಿದರೆ ಸಾಕು, ಹೂ ಕಿತ್ತಷ್ಟು ಸಲೀಸಾಗಿ ಬರುತ್ತದೆ. ಕೇಳದೆ ಯಾರ ಕೈಯನ್ನೂ ಇಳಿಸಬಾರದು, ಕೇಳಿದರೆ ಯಾರಿಗೂ ಇಲ್ಲ ಅನ್ನಬಾರದು. ಇವೆರಡನ್ನು ನಮ್ಮ ಮಕ್ಕಳು ಮಾತು ಬರುವ ಮೊದಲೇ ಕಲಿಯುತ್ತವೆ. ನಮ್ಮ ಬೀದಿಯಲ್ಲಿ ಒಂದು ಗೋಡೆಯ ವ್ಯಾಜ್ಯಕ್ಕಾಗಿ ಹನ್ನೊಂದು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರು. ಹೆಂಚು ಸರಿಸಲು ಹೋಗಿ ಅಣ್ಣನ ಕೈ ನಿಂತರೆ ಅವನು ಗೋಡೆಗೆ ಮುಖ ಮಾಡಿ ಕೆಮ್ಮುತ್ತಿದ್ದ. ತಮ್ಮ ಆ ಕೆಮ್ಮನ್ನೇ ಕೇಳಿದಂತೆ ಎಣಿಸಿ, ಊಟದ ನಡುವೆ ಎದ್ದು, ಕೈ ತೊಳೆದು ಬಂದು, ಇಳಿಸಿ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ನಾನು ಶಾಲೆ ಬಿಟ್ಟದ್ದೂ ಇದರಿಂದಲೇ. ನಾಲ್ಕನೆಯ ಕ್ಲಾಸಿನಲ್ಲಿ ಒಂದೇ ಒಂದು ಸಲ ಉತ್ತರ ಗೊತ್ತೆಂದು ಕೈ ಎತ್ತಿದೆ. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ, ಗಂಟೆ ಹೊಡೆಯಿತು, ಎಲ್ಲರೂ ಎದ್ದು ಹೋದರು. ಇಳಿಸಿ ಎಂದು ಕೇಳಲು ನನಗೆ ನಾಚಿಕೆ. ಕೈ ಎತ್ತಿಕೊಂಡೇ ಮನೆಗೆ ನಡೆದು ಬಂದೆ. ಮರುದಿನದಿಂದ ಅಪ್ಪನ ಹೊಲಿಗೆ ಅಂಗಡಿಯಲ್ಲಿ ಅಂಗಿ ಗುಂಡಿಗೆ ಕಾಜಾ ಹಾಕುತ್ತ ಕುಳಿತೆ. ಅಂಗಡಿಯಲ್ಲಿ ಇದ್ದವರು ಮೂವರು: ಅಪ್ಪ ತುಕ್ಕಪ್ಪ, ಅಣ್ಣ ಮಾಧು, ನಾನು. ಅಪ್ಪನ ಕಣ್ಣು ಮಂಜಾಗಿತ್ತು, ಮಿಷನ್ನನ್ನು ಅಭ್ಯಾಸಬಲದಿಂದ ಓಡಿಸುತ್ತಿದ್ದ. ಬಟ್ಟೆ ಕತ್ತರಿಸುವುದು ಮಾಧುವಿನ ಕೆಲಸ. ಅವನ ಬಲಗೈಗೆ ಕತ್ತರಿ ಸಿಕ್ಕಿದರೆ ಬಟ್ಟೆ ತಾನೇ ದಾರಿ ಬಿಡುತ್ತಿತ್ತು. ಆ ಒಂದು ಕೈಯಿಂದ ಮೂರು ಜನರ ಊಟ ನಡೆಯುತ್ತಿತ್ತು.

ಹೀಗಿರುವಾಗ ನಮ್ಮೂರಿನವನೇ ಆದ ಮುದ್ದಯ್ಯ ಊರಿಗೆ ಮರಳಿದ. ದೊಡ್ಡ ಯುದ್ಧಕ್ಕೆ ಹೇಸರಗತ್ತೆ ಹೊಡೆಯಲು ಹೋದವನು ಯುದ್ಧ ಮುಗಿದ ಮೇಲೂ ಎಷ್ಟೋ ವರ್ಷ ಹೊರಗೇ ಇದ್ದು ಈಗ ಬೂಟು ಹಾಕಿಕೊಂಡು ಬಂದಿದ್ದ. ಯಾವುದೋ ದೊಡ್ಡ ಪಟ್ಟಣದಲ್ಲಿ ಸಾವಿರಾರು ಜನ ಒಬ್ಬ ನಾಯಕನಿಗೆ ಒಟ್ಟಿಗೆ ಕೈ ಎತ್ತಿದ್ದನ್ನು, ಒಟ್ಟಿಗೆ ಇಳಿಸಿದ್ದನ್ನು ಕಣ್ಣಾರೆ ಕಂಡಿದ್ದನಂತೆ. ಇಳಿಸಿದ ಸಂಗತಿಯನ್ನು ಅವನು ಮೆಲ್ಲಗೆ ಹೇಳುತ್ತಿದ್ದುದರಿಂದ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಮೊದಲ ಸಭೆ ಹತ್ತಿ ಬಿಡಿಸುವ ಜಿನ್ನಿನ ಅಂಗಳದಲ್ಲಿ ನಡೆಯಿತು. ಹನ್ನೆರಡು ಹುಡುಗರು ಸಾಲಾಗಿ ನಿಂತು ಮುದ್ದಯ್ಯನಿಗೆ ಕೈ ಎತ್ತಿದರು. ಅವನು ಮುಕ್ಕಾಲು ಗಂಟೆ ಮಾತಾಡಿದ. ಮುಗಿದ ಮೇಲೆ ನೋಡಿದರೆ ಹನ್ನೆರಡೂ ಕೈ ಹಾಗೇ ಇವೆ. ತಾಯಂದಿರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ನಿನ್ನ ಬಾಯಿಗೆ ಮಣ್ಣಾಕ! ಜಂತೆ ಜೇಡ ಹೊಡಿ ಅಂದ್ರೆ ಎತ್ತದ ಕೈಯನ್ನ ಈ ಕತ್ತೆ ಹೊಡೆಯೋನಿಗೆ ಎತ್ತಿದೀಯಾ?" ಎಂದು ಒಬ್ಬಳು ಮಗನ ಕೈ ಇಳಿಸಿ ಅದೇ ಕೈಗೆ ಹೊಡೆದಳು. ಊರೆಲ್ಲ ನಕ್ಕಿತು.

ಬೇರೆ ಯಾರಾಗಿದ್ದರೂ ಬೂಟು ಕಳಚಿಟ್ಟು ಬೇರೆ ಕಸುಬು ನೋಡಿಕೊಳ್ಳುತ್ತಿದ್ದರು. ಮುದ್ದಯ್ಯ ಎಂಟು ದಿನ ಮನೆಯಿಂದ ಹೊರಗೆ ಬರಲಿಲ್ಲ. ಒಂಬತ್ತನೆಯ ದಿನ ಬಂದವನು ಕೇಳಿದ: "ಇಷ್ಟು ತಲೆಮಾರಿನಿಂದ ನಮ್ಮ ಕೈಗಳನ್ನ ಕೆಳಗಿಳಿಸ್ತಾ ಬಂದೋರು ಯಾರು? ಯಾರು ಬೇಕಾದ್ರೂ! ದಾರೀಲಿ ಹೋಗೋರು! ಕಾಲುವೆಯಾಚೆಯೋರು!"

ಈ ಪ್ರಶ್ನೆಯನ್ನು ನಮ್ಮೂರಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ಕಾಲುವೆಯಾಚೆಯವರು ಬಟ್ಟೆಗೆ ಬಣ್ಣ ಹಾಕುವ ಜನ. ಎರಡು ತಲೆಮಾರಿನ ಹಿಂದೆ ಬಂದವರು. ಎತ್ತರದ ಹಗ್ಗಗಳ ಮೇಲೆ ಬಟ್ಟೆ ಹರವಬೇಕಾದ್ದರಿಂದ ಯಾವಾಗಲೂ ಜೋಡಿಯಾಗಿ ಕೆಲಸ ಮಾಡುವರು. ಒಬ್ಬರು ಹರವಿದರೆ ಇನ್ನೊಬ್ಬರು ಇಳಿಸುವರು. ಕೈ ಇಳಿಸುವುದರಲ್ಲಿ ಅವರಷ್ಟು ಹಗುರ ಬೆರಳು ಯಾರಿಗೂ ಇಲ್ಲವೆಂದು ನಮ್ಮ ಕಡೆಯವರೇ ಹೇಳುತ್ತಿದ್ದರು. ಮುದ್ದಯ್ಯ ಅದನ್ನೇ ಹಿಡಿದುಕೊಂಡ. "ಬೆರಳು ಯಾಕೆ ಹಗುರ? ಅಭ್ಯಾಸ! ನಿಮ್ಮನ್ನ ಇಳಿಸಿ ಇಳಿಸಿ ಅಭ್ಯಾಸ!" ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಬಡತನಕ್ಕೆ, ಹುಳುಕು ಜೋಳಕ್ಕೆ, ಮದುವೆಯಾಗದ ತಂಗಿಗೆ, ಎಲ್ಲಕ್ಕೂ ಒಂದೇ ಕಾರಣ ಸಿಕ್ಕಿದ್ದು ಅವರಿಗೆ ದೊಡ್ಡ ನೆಮ್ಮದಿಯಾಗಿತ್ತು.

ಮೇಲುಗೈ ಪಕ್ಷ ಹುಟ್ಟಿದ್ದು ಹೀಗೆ. ಮುದ್ದಯ್ಯನೇ ನಾಯಕರು; ನಾಯಕರನ್ನು ಕಂಡರೆ ಕೈ ಎತ್ತಬೇಕು. ಎತ್ತಿದ ಕೈಯನ್ನು ಪಕ್ಷದ ಇಳಿಸುವ ದಳದವರು ಮಾತ್ರ ಇಳಿಸಬೇಕು. ಪಕ್ಷಕ್ಕೊಂದು ಬಣ್ಣ ಬೇಕಲ್ಲ, ಜವಳಿ ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದ ಬದನೆಕಾಯಿ ಬಣ್ಣದ ಥಾನುಗಳಿದ್ದವು, ಅದೇ ಪಕ್ಷದ ಬಣ್ಣವಾಯಿತು. ಆ ಬಣ್ಣ ಕಾಲುವೆಯಾಚೆಯ ತೊಟ್ಟಿಗಳಲ್ಲೇ ಅದ್ದಿದ್ದೆಂಬ ಮಾತನ್ನು ಯಾರೂ ಎತ್ತಲಿಲ್ಲ.

ಅಂಗಿಗಳೆಲ್ಲ ನಮ್ಮ ಅಂಗಡಿಗೇ ಬಂದವು. ಎತ್ತಿದ ಕೈಗೆ ತೋಳು ಕೂರಿಸುವ ಬಗೆ ಬೇರೆ. ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸಬೇಕು, ಇಲ್ಲದಿದ್ದರೆ ಕೈ ಎತ್ತಿದಾಗ ಅಂಗಿ ಹೊಕ್ಕುಳವರೆಗೆ ಮೇಲೆ ಬಂದು ವೀರರು ಮಂಗಗಳಂತೆ ಕಾಣುತ್ತಾರೆ. ಈ ಉಪಾಯ ಮಾಧುವಿನದು. ಮುದ್ದಯ್ಯ ಅವನ ಬೆನ್ನು ತಟ್ಟಿ, "ಈ ಊರಿಗೆ ಬೇಕಾದ ಕೈ ಇದು" ಎಂದ. ಇಪ್ಪತ್ತನಾಲ್ಕು ವರ್ಷ ಅಪ್ಪನ ಬೈಗುಳ ಬಿಟ್ಟು ಬೇರೇನೂ ಕೇಳದ ನನ್ನ ಅಣ್ಣ ಅವತ್ತು ಊಟ ಮಾಡಲಿಲ್ಲ, ಸಂತೋಷಕ್ಕೆ ಹಸಿವೇ ಆಗಲಿಲ್ಲವಂತೆ.

ನಾಯಕರ ಅಂಗಿಗೆ ಕಾಜಾ ಹಾಕುವಾಗ ನಾನೊಂದು ನೋಡಿದೆ. ಅದರ ಕಂಕುಳಲ್ಲಿ ಚೌಕದ ತುಂಡಿರಲಿಲ್ಲ. ತೋಳು ಮಾಮೂಲಿ ಅಳತೆಯದು. ಆಮೇಲೆ ಸಭೆಗಳಲ್ಲಿ ಅವರ ಕೈಯನ್ನೇ ಗಮನಿಸಿದೆ. ನಾಯಕರು ಕೈಯನ್ನು ಕಿವಿಯ ಮಟ್ಟಕ್ಕೆ ಮಾತ್ರ ತಂದು, ನೊಣ ಓಡಿಸುವವರಂತೆ ಅಂಗೈಯನ್ನು ಹಿಂದಕ್ಕೆ ಮಡಿಚಿ, ಇಳಿಸಿಬಿಡುತ್ತಿದ್ದರು. ತಲೆ ದಾಟಿಸುತ್ತಿರಲಿಲ್ಲ. ಅಪ್ಪನಿಗೆ ಹೇಳಿದೆ. "ಕಾಜಾ ಹಾಕೋರು ಕಾಜಾ ನೋಡ್ಬೇಕು" ಎಂದ ಅಪ್ಪ.

ಆರು ತಿಂಗಳಲ್ಲಿ ಊರು ಎತ್ತಿದ ಕೈಗೆ ಹೊಂದಿಕೊಂಡಿತು. ಹೆಚ್ಚು ಹೊತ್ತು ಕೈ ಎತ್ತಿಕೊಂಡಿರುವವನು ಹೆಚ್ಚು ದೊಡ್ಡ ಮನುಷ್ಯ ಎಂದಾಯಿತು. ಬಾಗಿಲುಗಳನ್ನು ಎತ್ತರಿಸಿದರು. ಬಲಗೈ ಮೇಲಿರುವುದರಿಂದ ಎಡಗೈಯಲ್ಲಿ ಉಣ್ಣತೊಡಗಿದರು; ಪೂರ್ವಜರೂ ಎಡಗೈಯಲ್ಲೇ ಉಣ್ಣುತ್ತಿದ್ದರೆಂದು ಪಕ್ಷದ ಪಂಡಿತರೊಬ್ಬರು ತೋರಿಸಿಕೊಟ್ಟರು. ಕ್ಷೌರದಂಗಡಿಯವನು ಕಂಕುಳಿಗೆ ಹಚ್ಚುವ ಗಂಧದ ಪುಡಿ ಮಾಡಿ ಮಾರಿದ. ಇಳಿಸುವ ದಳದ ಮುಂದೆ ಬೆಳಗ್ಗೆ ಸಾಲು ನಿಂತಿರುತ್ತಿತ್ತು, ಘೋಷಣೆ ತಪ್ಪಿಲ್ಲದೆ ಹೇಳಿದವರಿಗೆ ಮಾತ್ರ ಇಳಿಸುತ್ತಿದ್ದರು.

ಒಂದು ದಿನ ಬಣ್ಣದ ಚಾಂದವ್ವ ಬಟ್ಟೆಯ ಗಂಟು ತಂದಳು. ಕಾಲುವೆಯಾಚೆಯಿಂದ ನಮ್ಮ ಅಂಗಡಿಗೆ ಮೂವತ್ತು ವರ್ಷದಿಂದ ಬರುತ್ತಿದ್ದವಳು. ಗಂಟನ್ನು ರಾಶಿಯ ಮೇಲಕ್ಕೆ ಎತ್ತಿ ಇಡುವಾಗ ಕೈ ನಿಂತಿತು. "ಮಗಾ, ಒಸಿ ಇಳ್ಸವ್ವ" ಎಂದಳು. ನಾನು ಎದ್ದೆ.

"ಯಮುನಿ, ಕೂತ್ಕೊ" ಎಂದ ಮಾಧು.

ಚಾಂದವ್ವ ತಮಾಷೆಯೆಂದುಕೊಂಡು ನಕ್ಕಳು. "ಏನಪ್ಪ ಮಾಧು, ನಿನ್ನ ತೊಟ್ಲು ಬಟ್ಟೆಗೆ ಬಣ್ಣ ಹಾಕ್ದೋಳು ಕಣೋ ನಾನು."

"ನಿಮ್ಮ ಕಡೆಯೋರು ಇಳಿಸ್ತಾರೆ. ಹೋಗಿ."

ಅಪ್ಪ ಮಿಷನ್ನಿನ ಸೂಜಿಯನ್ನೇ ನೋಡುತ್ತಿದ್ದ. ನಾನು ನಿಂತೆ. ಆಮೇಲೆ ಕುಳಿತೆ. ಇದನ್ನು ಬರೆಯದೆ ಮುಂದೆ ಹೋಗಬಹುದಿತ್ತು, ಆದರೆ ನಾನು ಕುಳಿತದ್ದು ನಿಜ. ದಳದ ಸಾಲಿನ ಹೊರಗೆ, ಕೇಳಿದವರಿಗೆ ಇಲ್ಲವೆಂದದ್ದು ನಮ್ಮೂರಲ್ಲಿ ಬಹುಶಃ ಅದೇ ಮೊದಲು. ಚಾಂದವ್ವ ಕೈ ಎತ್ತಿಕೊಂಡೇ ನಡೆದು ಹೋದಳು. ಕಾಲುವೆಯ ಸೇತುವೆಯ ಹತ್ತಿರ ಕಾವಲಿದ್ದ ಪಕ್ಷದ ಹುಡುಗರು ಅವಳು ತಮಗೆ ವಂದಿಸುತ್ತಿದ್ದಾಳೆಂದು ತಿಳಿದು ತಾವೂ ಕೈ ಎತ್ತಿದರು.

ಊರ ಸಭೆಯಲ್ಲಿ ಹಿಂದೆಲ್ಲ ಮಡಕೆಗೆ ಹುಣಸೆಬೀಜ ಹಾಕಿ ಮತ ಎಣಿಸುತ್ತಿದ್ದರು. ಪಕ್ಷದವರು ಹೆಚ್ಚಾದ ಮೇಲೆ ಮಡಕೆ ಒಡೆದರು. ಕೈ ಎತ್ತುವ ಜನಕ್ಕೆ ಬೀಜದ ಹಂಗೇಕೆ ಎಂದರು. ಸಭೆಗೆ ಬರುವಾಗ ಬಾಗಿಲಲ್ಲೇ ನಾಯಕರಿಗೆ ಕೈ ಎತ್ತಿ ಒಳಗೆ ಬರುತ್ತಿದ್ದರು, ಮುಗಿದ ಮೇಲೆ ಹೊರಗೆ ದಳದವರು ಇಳಿಸುತ್ತಿದ್ದರು. ನಡುವೆ ಏನೇ ಓದಿದರೂ ಎಲ್ಲ ಕೈಗಳೂ ಮೇಲೇ ಇರುತ್ತಿದ್ದವು. ಹೀಗೆ ಒಂದು ಬೆಳಗ್ಗೆ ಸೇತುವೆಗೆ ಅಡ್ಡಲಾಗಿ ಗೋಡೆ ಕಟ್ಟಬೇಕೆಂಬುದು ಸರ್ವಾನುಮತದಿಂದ ಪಾಸಾಯಿತು. ಗೋಡೆ ಮುಗಿಯುವವರೆಗೆ ಕೈ ಇಳಿಸಿಕೊಳ್ಳುವುದಿಲ್ಲವೆಂದು ಹತ್ತು ಹುಡುಗರು ಆಣೆ ಮಾಡಿದರು. ಮಾಧು ಮೊದಲನೆಯವನು.

ಎತ್ತಿದ ಕೈ ನಲವತ್ತು ದಿನ ದಾಟಿದರೆ ಒಣಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಒಂಟಿಯಾಗಿ ಹೊಲ ಕಾಯುತ್ತಿದ್ದ ಒಬ್ಬನ ಕೈ ಹಾಗಾಗಿತ್ತು, ಅದರ ಮೇಲೆ ಕಾಗೆ ಕೂರುತ್ತಿತ್ತು.

"ನಲವತ್ತು ದಿನದಲ್ಲಿ ಗೋಡೆ ಏಳುತ್ತೇನೋ?" ಎಂದು ಅಪ್ಪ ಕೇಳಿದ.

"ಇಪ್ಪತ್ತರಲ್ಲೇ ಏಳುತ್ತೆ" ಎಂದ ಮಾಧು.

ಗೋಡೆ ಏಳಲಿಲ್ಲ. ಹುಡುಗರ ಆಣೆ ನೋಡಿ ಊರಿನ ಗಾರೆ ಕೆಲಸದವರೂ ಒಂದು ಕೈ ಮೇಲೆತ್ತಿಕೊಂಡೇ ಕೆಲಸಕ್ಕೆ ಬರುತ್ತಿದ್ದರು. ಒಂದೇ ಕೈಯಲ್ಲಿ ಇಟ್ಟ ಇಟ್ಟಿಗೆ ಸಂಜೆಗೆ ಓಲಾಡುತ್ತಿತ್ತು. ಕೈ ಇಳಿಸಿಕೊಂಡು ಕಟ್ಟೋಣವೆಂದರೆ, ಗೋಡೆ ಮುಗಿಯದೆ ಇಳಿಸಿಕೊಂಡವನು ದ್ರೋಹಿ. ಒಂಬತ್ತು ಹುಡುಗರ ತಾಯಂದಿರು ಬಚ್ಚಲಿನ ಬಾಗಿಲು ಹಾಕಿಕೊಂಡು ಮಕ್ಕಳಿಂದ "ಇಳಿಸವ್ವ" ಅನ್ನಿಸಿ, ಇಳಿಸಿ, ಎಣ್ಣೆ ಹಚ್ಚಿ, ಮತ್ತೆ ಎತ್ತಿಸಿ ಹೊರಗೆ ಕಳಿಸುತ್ತಿದ್ದರು. ನಮ್ಮ ಅವ್ವ ನಾನು ಹುಟ್ಟಿದ ವರ್ಷವೇ ಹೋದಳು. ನಾನು ದಿನಾ ಬೆಳಗ್ಗೆ ಕೇಳುತ್ತಿದ್ದೆ, "ಇಳಿಸಲಾ ಅಣ್ಣ?" ಅವನು ಇಲ್ಲ ಎನ್ನುತ್ತಿದ್ದ. ಅಂಗಡಿಯಲ್ಲಿ ಕತ್ತರಿ ಹಾಗೇ ಬಿದ್ದಿತ್ತು. ಇಪ್ಪತ್ತೈದನೆಯ ದಿನಕ್ಕೆ ಅವನ ಉಗುರುಗಳು ಪಕ್ಷದ ಬಣ್ಣಕ್ಕೆ ತಿರುಗಿದವು. ಅದನ್ನು ನಾಯಕರು ಸಭೆಯಲ್ಲಿ ಎಲ್ಲರಿಗೂ ತೋರಿಸಿ ಚಪ್ಪಾಳೆ ತಟ್ಟಿ ಎಂದರು. ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಲಾಗದೆ ಜನ ತೊಡೆ ತಟ್ಟಿಕೊಂಡರು.

ಮೂವತ್ತೊಂದನೆಯ ದಿನದ ಸಭೆಗೆ ನಾನೂ ಹೋಗಿ ಬಾಗಿಲ ಹತ್ತಿರ ಹೆಂಗಸರ ಜೊತೆ ನಿಂತಿದ್ದೆ. ಸಭೆಯ ಗುಮಾಸ್ತರು ಪಂಪಯ್ಯನವರು ಒಂದೊಂದೇ ಕಾಗದ ಓದುತ್ತಿದ್ದರು. "ಸಾಸಿವೆ ಅರ್ಧ ಸೇರು, ಮೆಂತ್ಯ ಪಾವು, ಎಳೆ ಮಾವು ಇನ್ನೂರು, ಹಳೇ ಜಾಡಿ ತಗೊಂಡು ಹೋಗುವುದು. ಒಪ್ಪುವವರು ಕೈ ಎತ್ತಿ." ಅವರಿಗೆ ತಪ್ಪು ಗೊತ್ತಾಗುವಷ್ಟರಲ್ಲಿ ಅಭ್ಯಾಸಬಲದಿಂದ ಎಣಿಸಿ ಆಗಿತ್ತು. ಅವರ ಮನೆಯ ಉಪ್ಪಿನಕಾಯಿ ಸಾಮಾನಿನ ಪಟ್ಟಿ ಸರ್ವಾನುಮತದಿಂದ ಅಂಗೀಕಾರವಾಗಿತ್ತು. ಯಾರೂ ನಗಲಿಲ್ಲ. ಎಷ್ಟೋ ಜನಕ್ಕೆ ಭುಜದ ನೋವಿನಲ್ಲಿ ಏನು ಓದಿದರೆಂದೇ ಕೇಳಿಸಿರಲಿಲ್ಲ. ಪಂಪಯ್ಯನವರು ತಲೆಯೆತ್ತಿದಾಗ ನಾನು ಅವರನ್ನೇ ನೋಡುತ್ತಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮುಂದಿನ ಸಭೆ ಮೂವತ್ತೆಂಟನೆಯ ದಿನ. ಆ ಒಂದು ವಾರ ನಾನು ಉಪ್ಪಿನಕಾಯಿ ಪಟ್ಟಿಯನ್ನೇ ಯೋಚಿಸಿದೆ: ಏನು ಓದಿದರೂ ಪಾಸಾಗುತ್ತದೆ. ಊರ ಸಭೆಯ ಹಳೆಯ ಕ್ರಮವೊಂದಿತ್ತು, ಅದನ್ನು ತೆಗೆದುಹಾಕುವುದು ಪಕ್ಷಕ್ಕೆ ಮರೆತುಹೋಗಿತ್ತು. ಕೊನೆಯಲ್ಲಿ ಗುಮಾಸ್ತರು ಮೂರು ಸಲ, "ಬೇರೆ ಇನ್ನೇನಾದರೂ ಉಂಟೋ?" ಎಂದು ಕೇಳಬೇಕು. ಊರಿನ ಯಾರು ಬೇಕಾದರೂ ಹೇಳಬಹುದು. ಹೇಳಿದ್ದನ್ನು ಮತಕ್ಕೆ ಹಾಕಬೇಕು, ಅದು ಬರೆದು ಮುಗಿಯುವವರೆಗೆ ಇನ್ನೊಂದನ್ನು ತೆಗೆದುಕೊಳ್ಳಬಾರದು.

ಪಂಪಯ್ಯನವರು ಮೊದಲ ಸಲ ಕೇಳಿದರು. ಎರಡನೆಯ ಸಲ ಕೇಳಿದರು. ಮುಂದಿನ ಸಾಲಿನಲ್ಲಿ ಮಾಧುವಿನ ಕೈ ಎಲ್ಲರ ಕೈಗಿಂತ ಎತ್ತರಕ್ಕೆ ಕಾಣುತ್ತಿತ್ತು, ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಮೂರನೆಯ ಸಲ ಅವರು ತುಂಬ ನಿಧಾನವಾಗಿ ಕೇಳಿದರು. ಅಷ್ಟು ನಿಧಾನ ನನಗಾಗಿಯೇ ಎಂದು ಅನ್ನಿಸಿತು.

"ನಂದೊಂದಿದೆ" ಎಂದೆ.

ಎಲ್ಲರೂ ತಿರುಗಿದರು. ಮುದ್ದಯ್ಯ ನಕ್ಕು, "ಓ, ಕಾಜಾ ತಂಗಿ! ಹೇಳಮ್ಮ, ಹೇಳು. ನಮ್ಮ ಪಕ್ಷದಲ್ಲಿ ಹೆಂಗಸರಿಗೂ ಬಾಯಿದೆ" ಎಂದ.

"ಮೇಲುಗೈ ಪಕ್ಷ ಇವತ್ತಿಗೆ ಸಾಕು. ಯಾರ ಕೈಯನ್ನ ಯಾರು ಬೇಕಾದ್ರೂ ಇಳಿಸಬಹುದು."

ಬಾಗಿಲ ಹತ್ತಿರ ನಿಂತಿದ್ದ ನನ್ನ ದನಿ ಮುಂದಿನ ಸಾಲಿನವರೆಗೆ ಹೋಗಿರಲಾರದು. ಪಂಪಯ್ಯನವರು ಅದನ್ನೇ, ಸಾಸಿವೆ ಮೆಂತ್ಯದ ಪಟ್ಟಿ ಓದಿದ ದನಿಯಲ್ಲಿ ಗಟ್ಟಿಯಾಗಿ ಹೇಳಿ, "ಒಪ್ಪುವವರು ಕೈ ಎತ್ತಿ" ಎಂದರು. ಪೆನ್ನಿನಿಂದ ತೋರಿಸುತ್ತ ಎಣಿಸಿದರು. "ಸರ್ವಾನುಮತ."

ಮುದ್ದಯ್ಯನ ನಗು ಮುಖದಲ್ಲಿ ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ, ಕೈ ಇಳಿದರೆ ಮತವೂ ಇಳಿಯುವುದೆಂದುಕೊಂಡು, "ಏಯ್, ಇಳಿಸ್ರೋ! ಎಲ್ಲರ ಕೈ ಇಳಿಸ್ರೋ!" ಎಂದು ಕೂಗಿದ. ದಳದವರು ಒಳಗೆ ನುಗ್ಗಿದರು. ಬಾಗಿಲಲ್ಲಿದ್ದ ಹೆಂಗಸರೂ ನುಗ್ಗಿದರು. "ಇಳಿಸವ್ವ", "ಇಳಿಸಕ್ಕ", "ಯಾರಾದ್ರೂ ಇಳಿಸ್ರಪ್ಪ" ಎಂಬ ಮಾತು ಸಭೆಯ ತುಂಬ. ಗೋಡೆಯ ವ್ಯಾಜ್ಯದ ತಮ್ಮ ಕೆಮ್ಮಿದ, ಅಣ್ಣ ಇಳಿಸಿದ. ಕೈಗಳು ಕೆಳಗೆ ಬಂದವು. ಪಂಪಯ್ಯನವರು ಬರೆಯುತ್ತಿದ್ದರು.

"ಈಗ ಅದನ್ನ ರದ್ದು ಮಾಡಿ!" ಎಂದ ಮುದ್ದಯ್ಯ.

"ಬರೆದು ಮುಗಿಸ್ತೀನಿ ಸ್ವಾಮಿ. ಶಾಯಿ ಆರಬೇಕಲ್ಲ." ಅವರು ಊದಿದರು. ಹಾಳೆ ಮಗುಚಿದರು. "ಹಿಂದಿನ ನಿರ್ಣಯವನ್ನು ರದ್ದು ಮಾಡಲು ಒಪ್ಪುವವರು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಕೆಲವರು ಭುಜ ಉಜ್ಜಿಕೊಳ್ಳುತ್ತಿದ್ದರು. ಒಬ್ಬ ಅಂಗಿಯೊಳಗೆ ಬಲಗೈ ತೂರಿಸಿ ಬೆನ್ನು ಕೆರೆದುಕೊಳ್ಳುತ್ತ ಕಣ್ಣು ಮುಚ್ಚಿದ್ದ.

"ಎತ್ರೋ!"

"ಈಗ ತಾನೆ ಇಳೀತು ಸ್ವಾಮಿ" ಎಂದ ಅವನು, ಕಣ್ಣು ತೆರೆಯದೆ.

ಮುದ್ದಯ್ಯ ಮೇಜಿನ ಮೇಲೆ ಹತ್ತಿ, "ನಾನೊಬ್ಬ ಸಾಕು ಕಣ್ರೋ!" ಎಂದು ಕೈಯನ್ನು ಸೂರಿನ ಕಡೆಗೆ ಎಸೆದ. ಮಾಮೂಲಿ ಅಳತೆಯ ತೋಳು ಕಂಕುಳಲ್ಲಿ ಪರ್ರೆಂದು ಹರಿಯಿತು. ಪಂಪಯ್ಯನವರು ಎಣಿಸಿದರು. "ಎರಡು." ಒಂದು ನಾಯಕರದು, ಇನ್ನೊಂದು ನನ್ನ ಅಣ್ಣನದು.

ಮುದ್ದಯ್ಯ ಮೇಜಿನಿಂದ ಇಳಿದ. ಕೈ ಇಳಿಯಲಿಲ್ಲ. ಅವನ ಮುಖ ಮೊದಲ ಸಲ ನಮ್ಮೂರಿನವನ ಮುಖದ ಹಾಗೆ ಕಂಡಿತು. ಮಾಧು ಅವನ ಕಡೆ ಓಡಿದ, ಅರ್ಧ ದಾರಿಯಲ್ಲಿ ನಿಂತ. ಇಳಿಸಲು ಎರಡು ಕೈ ಬೇಕು. ತಿರುಗಿ ನನ್ನ ಹತ್ತಿರ ಬಂದ.

"ಯಮುನಿ, ಇಳಿಸು. ಬೇಗ. ನಾಯಕರ ಕೈ ಇಳಿಸ್ಬೇಕು."

ಮೂವತ್ತೆಂಟು ದಿನ ನಾನು ಕಾದ ಮಾತು ಇದಕ್ಕಾಗಿ ಬಂತು. ಅವನ ಮಣಿಕಟ್ಟನ್ನು ಹಿಡಿದೆ. ಸೌತೆಕಾಯಿಯಂತೆ ತಣ್ಣಗಿತ್ತು. ಕೈ ಹೂವಿನಂತೆ ಬರಲಿಲ್ಲ, ಒದ್ದೆ ಹಗ್ಗದಂತೆ ಜಾರಿ ಪಕ್ಕದಲ್ಲಿ ನೇತಾಡಿತು. ನಲವತ್ತು ಎಂದು ಹಿರಿಯರು ಹೇಳಿದ್ದು ಅಂದಾಜಿಗೆ. ಮಾಧು ನಾಯಕರ ಮುಂದೆ ಹೋಗಿ ನಿಂತು ಬಲಗೈ ಎತ್ತಲು ನೋಡಿದ. ಹೆಗಲು ಮಾತ್ರ ಅಲುಗಿತು. ಇನ್ನೊಮ್ಮೆ ನೋಡಿದ. ಮುದ್ದಯ್ಯ ಆ ಕೈಯನ್ನು ದಿಟ್ಟಿಸಿ ಒಂದು ಹೆಜ್ಜೆ ಹಿಂದೆ ಸರಿದು, "ಥೂ, ಕೆಲಸಕ್ಕೆ ಬಾರದೋನು" ಎಂದ.

ಸಭೆಯಲ್ಲಿ ಇನ್ನೂರು ಜನರಿದ್ದರು, ಎಲ್ಲರ ಎರಡೂ ಕೈ ಕೆಳಗಿದ್ದವು. ಮುದ್ದಯ್ಯ ಕೇಳಿದ್ದರೆ ಇಳಿಸುತ್ತಿದ್ದರು. ಕೆಲವರು 'ಕೇಳು' ಎಂಬಂತೆ ಮುಂದೆ ಬಂದು ನಿಂತದ್ದನ್ನೂ ಕಂಡೆ. ಮುಕ್ಕಾಲು ಗಂಟೆಗೆ ಕಡಿಮೆ ಮಾತಾಡದಿದ್ದವನಿಗೆ ಆ ಒಂದು ಮಾತು ಬರಲಿಲ್ಲ. ಕೈ ಎತ್ತಿಕೊಂಡೇ ಬಸ್ಸು ನಿಲ್ಲುವ ಮರದ ಕಡೆಗೆ ನಡೆದ. "ಹತ್ತೋದಾದ್ರೆ ಹತ್ತಿ ಸ್ವಾಮಿ, ಬಸ್ಸು ನಿಂತಾಯ್ತು, ಇನ್ನೂ ಯಾಕೆ ಕೈ ತೋರಿಸ್ತೀರಿ?" ಎಂದನಂತೆ ಹೊರಗಿನ ಊರಿನ ಕಂಡಕ್ಟರು.

ವಾರದೊಳಗೆ ಊರಿನಲ್ಲಿ ಪಕ್ಷಕ್ಕೆ ಸೇರಿದ್ದವರೇ ಇರಲಿಲ್ಲ. ಅಂಗಿಗಳನ್ನು ತಂದು ಕಂಕುಳ ತುಂಡು ಬಿಚ್ಚಿಸಿಕೊಂಡು ಹೋದರು. ಸೆಕೆಗೆಂದು ಹಾಕಿಸಿದ್ದೆ ಎಂದ ಒಬ್ಬ. ನೀವೇ ತಪ್ಪು ಹೊಲಿದಿರಿ ಎಂದ ಇನ್ನೊಬ್ಬ. ಸೇತುವೆಯ ಅರೆಗೋಡೆಯ ಇಟ್ಟಿಗೆ ಯಾರ್ಯಾರ ಬಚ್ಚಲಿಗೋ ಹೋಯಿತು. ಹೊರಗಿನ ದೊಡ್ಡ ಪಟ್ಟಣಗಳಲ್ಲಿ ಜನ ಇನ್ನೂ ಕೈ ಎತ್ತುತ್ತಿದ್ದಾರೆಂದು ಪಂಪಯ್ಯನವರು ಪೇಪರು ಓದಿ ಹೇಳುತ್ತಾರೆ. ಅಲ್ಲಿ ಕೈ ತಾನಾಗಿ ಇಳಿಯುತ್ತದಲ್ಲ, ಮತ್ತೆ ಎತ್ತಲು ಕಷ್ಟವೇನಿಲ್ಲ. ಅವರು ಹೇಗೆ ನಿಲ್ಲಿಸುತ್ತಾರೋ ನನಗೆ ತಿಳಿಯದು.

ಈಗ ಬಟ್ಟೆ ಕತ್ತರಿಸುವವಳು ನಾನು. ಮಾಧುವಿನಷ್ಟು ನೇರ ಬರುವುದಿಲ್ಲ. ಚಾಂದವ್ವ ನಮ್ಮ ಅಂಗಡಿಗೆ ಬರುವುದಿಲ್ಲ. ನಾನೇ ಹೋಗಿ ಅವಳ ಹಗ್ಗದ ಕೆಳಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಅವಳು ಕೇಳಿದಾಗ ಇಳಿಸುತ್ತೇನೆ, ಕೆಲವು ದಿನ ಕೇಳದೆಯೂ ಇರುತ್ತಾಳೆ. ಮಾಧುವಿನ ಕೈ ಹಾಗೇ ಇದೆ. ಇಡೀ ಊರಿನಲ್ಲಿ ಕೈ ಎತ್ತಲು ಇನ್ನೊಬ್ಬರು ಬೇಕಾದವನು ಅವನೊಬ್ಬನೇ. ಅಂಗಿಯ ತೋಳಿಗೆ ಕೈ ತೂರಿಸಲೂ ನಾನು ಎತ್ತಿ ಕೊಡಬೇಕು. ಆದರೆ ಕೇಳದೆ ನಾನು ಮುಟ್ಟುವುದಿಲ್ಲ. ಮೊದಮೊದಲು ಅವನು ಮಧ್ಯಾಹ್ನದವರೆಗೂ ಬರಿ ಮೈಯಲ್ಲಿ ಕೂತಿರುತ್ತಿದ್ದ. ಆಮೇಲೆ ಕೇಳುವುದು ಅಭ್ಯಾಸವಾಯಿತು. ಇವತ್ತು ಬೆಳಗ್ಗೆ ಪೆಟ್ಟಿಗೆಯ ತಳದಿಂದ ಬದನೆಕಾಯಿ ಬಣ್ಣದ ಅಂಗಿಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡು, "ಯಮುನಿ, ಒಂಚೂರು ಎತ್ತೇ" ಎಂದ.

"ಅದು ಕೈ ಇಳಿದೋರಿಗೆ ಕೂರಲ್ಲ ಅಣ್ಣ. ತೋಳು ಬಿಚ್ಚಿ ಹೊಲೀಬೇಕು."

"ಹೊಲಿ. ಬಟ್ಟೆ ಚೆನ್ನಾಗಿದೆ." ಎಡಗೈಯಿಂದ ಅಂಗಿಯ ಅಂಚು ಸವರಿ ಹೇಳಿದ, "ಬಣ್ಣ ಬದಲಾಯಿಸಿದ್ರೆ ಆಯ್ತು."

"ಬಣ್ಣಕ್ಕೆ ಚಾಂದವ್ವನ್ನ ಕೇಳ್ಬೇಕು."

"ನೀನು ದಿನಾ ಹೋಗ್ತೀಯಲ್ಲ. ನೀನೇ ಕೇಳು."

"ಅಂಗಿ ನಿಂದು" ಎಂದೆ.

ಅವನು ಅಂಗಿಯನ್ನು ಎಡಗೈಯಲ್ಲಿ ಮಡಿಚಲು ನೋಡಿದ, ಅದು ಸರಿಯಾಗಿ ಮಡಿಕೆಯಾಗಲಿಲ್ಲ. ಹಾಗೇ ಕಂಕುಳಲ್ಲಿ ಇರುಕಿಕೊಂಡು ಚಪ್ಪಲಿ ಮೆಟ್ಟಿದ. ಬರಿ ಮೈಯಲ್ಲೇ ಬೀದಿಗೆ ಇಳಿದು ಸೇತುವೆಯವರೆಗೆ ಹೋದದ್ದು ಅಂಗಡಿಯಿಂದ ಕಾಣಿಸಿತು. ಅಲ್ಲಿ ನಿಂತಿದ್ದಾನೆ. ಕಾಲುವೆಯಾಚೆ ಹಗ್ಗದ ಮೇಲೆ ಹಸಿರು ಬಟ್ಟೆಗಳು ಬಿದ್ದಿವೆ.